ಕೌದಿಯ ಅಂಚು: ಮಿಷನ್ನಿನ ಮೇಲೆ ಪಟ್ಟಿ ಹಚ್ಚುವ ಬಗೆ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)

ನಾನು ಭಾಷಣ ಮಾಡುವವಳಲ್ಲ. ಹೊಲದಾಗ ಕೆಲಸ ಮಾಡುವಾಕಿ. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಮದುವೆ ಆಗಿ ಈ ಊರಿಗೆ ಬಂದೆ. ನಾಲ್ಕು ಎಕರೆ ಎರಿ ಹೊಲ, ಎರಡು ಎಮ್ಮಿ, ಇಷ್ಟು ನನ್ನ ಲೋಕ. ಸಹಕಾರ ಚಳವಳಿಯ ಬಗ್ಗೆ, 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಬಗ್ಗೆ ನನ್ನ ನಂತರ ಮಾತನಾಡುವ ಹಿರಿಯರು ಸವಿಸ್ತಾರವಾಗಿ ಹೇಳುತ್ತಾರೆ. ನನಗೆ ಕಾರ್ಯದರ್ಶಿಗಳು ಹದಿನೈದು ನಿಮಿಷ ಕೊಟ್ಟಿದ್ದಾರೆ. ಆ ಹದಿನೈದು ನಿಮಿಷ ನಾನು ಕೌದಿಯ ಅಂಚಿನ ಬಗ್ಗೆ ಮಾತ್ರ ಮಾತನಾಡುತ್ತೇನೆ. ನಗಬ್ಯಾಡ್ರಿ. ಆ ಅಂಚಿನಿಂದಲೇ ನಮ್ಮ ಸಂಘದ ಒಂಬತ್ತು ಮಂದಿ ಹೆಣ್ಣುಮಕ್ಕಳು ತಲೆ ತಗ್ಗಿಸಿದ್ದು ನಿಮಗೆಲ್ಲ ಗೊತ್ತಿದೆ.

ಮೊದಲು ಒಂದು ಮಾತು. ನಮ್ಮವ್ವ ಹೊಲಿಯುತ್ತಿದ್ದ ಕೌದಿಗೆ ಬೇರೆ ಪಟ್ಟಿಯೇ ಇರಲಿಲ್ಲ. ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಪಡಸಾಲೆಯಲ್ಲಿ ಹಳೇ ಸೀರೆ, ಧೋತರ ಹಾಸಿ, ಅಂಚನ್ನು ಒಳಗೆ ಮಡಚಿ, ಕೈಯಿಂದಲೇ ಸುತ್ತ ಟಾಕಾ ಹಾಕಿಕೊಂಡು ಬರುತ್ತಿದ್ದಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಹಾಗೆಯೇ ಮಾಡುತ್ತಾರೆ. ಅವರು ಅದಕ್ಕೆ ಕವಂದಿ ಎನ್ನುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಿಂದ ಒಳಗೆ ಒಳಗೆ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಮಾತು. ಅಂಥ ಕೌದಿಯ ಅಂಚು ಬಿಚ್ಚುವುದು ಸುಲಭವಲ್ಲ. ಆದರೆ ಅದಕ್ಕೆ ದಿನ ಬೇಕು, ಕಣ್ಣು ಬೇಕು. ಮಾರಾಟಕ್ಕೆ ಅಂತ ಹೊಲಿಯುವಾಗ ನಡುವಿನ ಕೆಲಸ ಕೈಯಿಂದ ಆದರೂ ಅಂಚಿಗೆ ಮಿಷನ್ ಬೇಕಾಗುತ್ತದೆ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಗೆ ಸುತ್ತಳತೆಯೇ 300 ಇಂಚು. ಕೈಯಿಂದ ಎರಡೂ ಮೈ ಹೊಲಿಯಲು ನನಗೆ ಎರಡು ದಿನ. ಮಿಷನ್ನಿನ ಮೇಲೆ ಒಂದು ಮಧ್ಯಾಹ್ನ.

ಈಗ 2019ರ ಸಂಗತಿ. ದೀಪಾವಳಿಯ ಮುಂದೆ ಹುಬ್ಬಳ್ಳಿಯ ಒಬ್ಬ ವ್ಯಾಪಾರಿ 30 ಕೌದಿ ಕೇಳಿದರು. ಆಗ ನಾನು ಆಡಳಿತ ಮಂಡಳಿಗೆ ಹೊಸದಾಗಿ ಆರಿಸಿ ಬಂದಿದ್ದೆ. ಹೊಲಿಗೆ ವಿಭಾಗ ನನ್ನ ಕೈಗೆ ಕೊಟ್ಟಿದ್ದರು. ಸಂಘಕ್ಕೆ ಖರ್ಚು ಉಳಿಸಿ ತೋರಿಸಬೇಕು ಎಂಬ ಹುರುಪು. ಪಟ್ಟಿ ಮೂರು ಇಂಚು ಯಾಕೆ, ಒಂದೂವರೆ ಇಂಚು ಸಾಕು, ಒಂದೇ ಪದರು ಹಚ್ಚಿರಿ ಎಂದು ಹೇಳಿದವಳು ನಾನು. ಕೌದಿಗೆ 12 ಇಂಚು ಬಟ್ಟೆ ಉಳಿಯಿತು. 30 ಕೌದಿಗೆ ಒಂಬತ್ತು ಮೀಟರ್. ಮೀಟರಿಗೆ 60 ರೂಪಾಯಿಯಂತೆ 540 ರೂಪಾಯಿ ಉಳಿಸಿದೆ ಎಂದು ಸಭೆಯಲ್ಲಿ ಹೇಳಿಕೊಂಡೆ. ಚಪ್ಪಾಳೆಯೂ ಬಿತ್ತು.

ಸಂಕ್ರಾಂತಿ ಹೊತ್ತಿಗೆ 19 ಕೌದಿ ತಿರುಗಿ ಬಂದವು. ಒಂದು ಸಲ ಒಗೆದದ್ದಕ್ಕೇ ಅಂಚು ಬಾಯಿ ಬಿಟ್ಟಿತ್ತು. ಕೌದಿಗೆ 700 ರೂಪಾಯಿ ಕೂಲಿ, 13,300 ರೂಪಾಯಿ ತಡೆಹಿಡಿದರು. ಆ ಒಂಬತ್ತು ಮಂದಿ ಮೂರು ವಾರ ಕುಳಿತು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದರು. ಫೆಬ್ರವರಿಯಲ್ಲಿ ಕೂಲಿ ಕೊಟ್ಟರು, ಆದರೆ ಮರುಹೊಲಿಗೆಗೆ ಒಂದು ಪೈಸೆ ಕೊಡಲಿಲ್ಲ. ನಡಾವಳಿ ಪುಸ್ತಕದಲ್ಲಿ "ಸದಸ್ಯೆಯರ ಅಜಾಗರೂಕತೆಯಿಂದ" ಎಂದು ಬರೆದಿದ್ದಾರೆ. ಆ ಸಭೆಯಲ್ಲಿ ನಾನೂ ಇದ್ದೆ. ಸಹಿ ಮಾಡಿದ್ದೇನೆ. ಬಾಯಿ ತೆಗೆಯಲಿಲ್ಲ.

ಇವತ್ತು ಎಲ್ಲರ ಎದುರು ಹೇಳುತ್ತೇನೆ. ಅವರ ತಪ್ಪು ಇರಲಿಲ್ಲ. ಅಳತೆ ನನ್ನದು, ಹೊಲಿಯುವ ಕ್ರಮವೂ ನಾನು ಹೇಳಿದ್ದೇ. ಈ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲಿ ಎಂದೇ ಈ ವಿಷಯ ಆರಿಸಿಕೊಂಡೆ. ನಡಾವಳಿಯ ಆ ಸಾಲು ತಿದ್ದಬೇಕು, ಮೂರು ವಾರದ ಮರುಹೊಲಿಗೆಯ ಕೂಲಿ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಬರಬೇಕು ಎಂದು ಅಧ್ಯಕ್ಷರಿಗೆ ಬರೆದು ಕೊಟ್ಟಿದ್ದೇನೆ.

ಇನ್ನು ಅಂಚು ಯಾಕೆ ಬಿಚ್ಚಿತು ಎಂಬುದು. ಕೌದಿಯನ್ನು ನಾವು ಎಳೆಯುವುದು ಅಂಚು ಹಿಡಿದು. ಝಾಡಿಸುವುದು ಅಂಚು ಹಿಡಿದು. ಒಗೆಯುವಾಗ ಹಿಂಡುವುದೂ ಅಲ್ಲಿಂದಲೇ. ನಡುವೆ ಐದಾರು ಪದರು ಬಟ್ಟೆ ಇದ್ದರೂ ಅಂಚಿನಲ್ಲಿ ಕೈಗೆ ತಾಗುವುದು ಆ ಪಟ್ಟಿಯೊಂದೇ. ಅದು ಒಂದೇ ಪದರು ಇದ್ದರೆ ಮಡಿಕೆಯ ಮೇಲೆ ಬೇಗ ಸವೆಯುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಾವು ಪಟ್ಟಿಯನ್ನು ಮೊದಲು ಮುಂಬದಿಗೆ ಹೊಲಿದು, ಹಿಂದಕ್ಕೆ ಮಡಚಿ, ಮತ್ತೆ ಮುಂಬದಿಯಿಂದಲೇ ಮಿಷನ್ ಓಡಿಸಿದ್ದೆವು. ಹಿಂದಿನ ಪಟ್ಟಿ ಸೂಜಿಗೆ ಸಿಕ್ಕಿತೋ ಇಲ್ಲವೋ ಯಾರಿಗೆ ಕಾಣಬೇಕು? ಒಂದೂವರೆ ಇಂಚಿನ ಪಟ್ಟಿಯಲ್ಲಿ ಮಡಚಲು ಉಳಿಯುವುದೇ ಕಡಿಮೆ. ಗೇಣು ಸಿಕ್ಕಿದೆ, ಗೇಣು ತಪ್ಪಿದೆ. ತಪ್ಪಿದ ಕಡೆ ನೀರು ಬಿದ್ದ ಕೂಡಲೇ ಬಾಯಿ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಗೊತ್ತಿದ್ದವರು ತಪ್ಪಿದ್ದರೆ ತಿದ್ದಿರಿ.

ಪಟ್ಟಿಗೆ ಹೊಸ ಹತ್ತಿ ಬಟ್ಟೆಯೇ ಬೇಕು. ಮೊದಲು ತೊಳೆದು ಒಣಗಿಸಿ, ಇಸ್ತ್ರಿ ಮಾಡಬೇಕು. ಕೆಂಪು, ಕಡುನೀಲಿ ಇದ್ದರೆ ನೀರು ತಿಳಿಯಾಗುವ ತನಕ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕೌದಿಗೆ ಇಳಿಯುತ್ತದೆ. ತೊಳೆಯದ ಬಟ್ಟೆ ಹಚ್ಚಿದರೆ ಅದು ಆಮೇಲೆ ಕುಗ್ಗಿ ಅಂಚೆಲ್ಲ ನೆರಿಗೆ ಬೀಳುತ್ತದೆ. 44 ಇಂಚು ಪನ್ನದ ಬಟ್ಟೆಯಲ್ಲಿ ಎರಡೂ ಕಡೆ ಕಿನಾರಿ ತೆಗೆದರೆ 42 ಇಂಚು. ಮೂರು ಇಂಚು ಅಗಲದ ಎಂಟು ಪಟ್ಟಿ ಕತ್ತರಿಸಿ. ಓರೆಯಾಗಿ ಜೋಡಿಸಿದರೆ ಒಂದೊಂದು ಜೋಡಿಗೆ ಮೂರು ಇಂಚು ಹೋಗಿ 315 ಇಂಚು ಸಿಗುತ್ತದೆ. ನಮಗೆ ಬೇಕಾದದ್ದು ಸುತ್ತಳತೆ 300, ಮೇಲೆ 12. ಲೆಕ್ಕ ಸರಿಯಾಯಿತು. ಎಂಟು ಪಟ್ಟಿಗೆ 24 ಇಂಚು ಬಟ್ಟೆ, ಕುಗ್ಗುವುದನ್ನು ಹಿಡಿದು 70 ಸೆಂಟಿಮೀಟರ್ ತನ್ನಿ. ಓರೆಯಾಗಿ ಯಾಕೆ ಜೋಡಿಸಬೇಕೆಂದರೆ, ನೇರ ಜೋಡಿಸಿದರೆ ಮಡಚಿದಾಗ ಎಲ್ಲ ದಪ್ಪವೂ ಒಂದೇ ಜಾಗದಲ್ಲಿ ಗಂಟಾಗುತ್ತದೆ, ಸೂಜಿ ಅಲ್ಲೇ ಮುರಿಯುತ್ತದೆ. ಕ್ರಾಸ್ ಪಟ್ಟಿ ಇನ್ನೂ ಗಟ್ಟಿ, ಯಾಕಂದ್ರ ಮಡಿಕೆ ಒಂದೇ ಎಳೆಯ ಮೇಲೆ ಬೀಳುವುದಿಲ್ಲ. ಆದರೆ ಬಟ್ಟೆ ಹೆಚ್ಚು ಬೇಕು. ತೊಟ್ಟಿಲ ಕೌದಿಗೆ, ಮೂಲೆ ದುಂಡಗೆ ಮಾಡುವಾಗ, ಅದೇ ಬೇಕು. ಉಳಿದದ್ದಕ್ಕೆ ನೇರ ಪಟ್ಟಿ ಸಾಕು. ಪಟ್ಟಿಯನ್ನು ಉದ್ದಕ್ಕೆ ಎರಡು ಪದರು ಮಡಚಿ ಇಸ್ತ್ರಿ ಹೊಡೆಯಿರಿ. ಒಂದೂವರೆ ಇಂಚು ಆಗುತ್ತದೆ.

ಕೌದಿಯನ್ನು ನೆಲದ ಮೇಲೆ ಹಾಸಿ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಗೌಂಡಿ ಬುನಾದಿ ಹಾಕುವಾಗ ಅಳೆಯುತ್ತಾನಲ್ಲ, ಹಂಗ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ. ಇಲ್ಲದಿದ್ದರೆ ಸುಣ್ಣದ ಕಡ್ಡಿಯಿಂದ ಗೆರೆ ಹೊಡೆದು ಕತ್ತರಿಸಿ. ಆಮೇಲೆ ಅಂಚಿನಿಂದ ಕಾಲು ಇಂಚು ಒಳಗೆ, ದೊಡ್ಡ ಟಾಕಾ ಹಾಕಿ ಸುತ್ತ ಒಂದು ಸಲ ಹೊಲಿಯಿರಿ. ಪದರು ಜಾರುವುದು ಇದರಿಂದ ನಿಲ್ಲುತ್ತದೆ. ಇದನ್ನು ಬಿಟ್ಟು ಮುಂದಕ್ಕೆ ಹೋದವರು ಕಡೆಗೆ ಅಳುತ್ತಾರೆ.

ಮಿಷನ್ನಿಗೆ 16ನೇ ನಂಬರಿನ ಸೂಜಿ, ಕೌದಿ ದಪ್ಪ ಇದ್ದರೆ 18. ಟಾಕಾ ಇಂಚಿಗೆ ಎಂಟು. ಮೇಲೆ ಇರುವ ಪ್ರೆಶರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಇಲ್ಲದಿದ್ದರೆ ಮೇಲಿನ ಬಟ್ಟೆ ಮುಂದೆ ತಳ್ಳಿಕೊಂಡು ಹೋಗುತ್ತದೆ. ಇನ್ನೊಂದು, ಇದನ್ನು ಯಾರೂ ಹೇಳಿಕೊಡುವುದಿಲ್ಲ: ಮಿಷನ್ನಿನ ಎಡಕ್ಕೆ ಒಂದು ಹೊರಸು ಎಳೆದು ಅದರ ಮೇಲೆ ಕೌದಿಯ ಭಾರ ಇಡಿ. ಕೌದಿ ಜೋತಾಡಿದರೆ ಅದೇ ಸೂಜಿ ಎಳೆಯುತ್ತದೆ, ಗೆರೆ ಡೊಂಕಾಗುತ್ತದೆ. ನನ್ನ ಯಜಮಾನರು ಹೊರಸು ಕೊಡಲು ಮೊದಲು ಗೊಣಗಿದರು, ಈಗ ತಾವೇ ತಂದು ಹಾಕುತ್ತಾರೆ.

ಪಟ್ಟಿಯನ್ನು ಮೊದಲು ಕೌದಿಯ ಹಿಂಬದಿಗೆ ಹೊಲಿಯಬೇಕು. ಇದೇ ಮುಖ್ಯ. ಮೂಲೆಯಿಂದ ಶುರು ಮಾಡಬೇಡಿ, ಒಂದು ಬದಿಯ ನಡುವಿನಿಂದ ಮಾಡಿ. ಹತ್ತು ಇಂಚು ಬಾಲ ಬಿಟ್ಟು, ಪಟ್ಟಿಯ ಕತ್ತರಿಸಿದ ಎರಡೂ ಅಂಚು ಕೌದಿಯ ಅಂಚಿಗೆ ಸೇರಿಸಿ, ಮೂರು ನೂಲು ಒಳಗೆ ಹೊಲಿಯುತ್ತ ಹೋಗಿ. ಪಟ್ಟಿ ಎಳೆಯಬೇಡಿ, ಸುಮ್ಮನೆ ಮಲಗಿಸಿ.

ಮೂಲೆ ಬಂದಾಗ ಕೊನೆಗೆ ಮೂರು ನೂಲು ಇರುವಾಗಲೇ ನಿಲ್ಲಿ. ಎರಡು ಟಾಕಾ ಹಿಂದೆ ಹೊಲಿದು ಬಟ್ಟೆ ಹೊರಗೆ ತೆಗೆಯಿರಿ. ಪಟ್ಟಿಯನ್ನು ಕೌದಿಯಿಂದ ಆಚೆಗೆ ಮೇಲಕ್ಕೆ ಮಡಚಿ, ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಿನಿಂದ ಹಿಡಿದುಕೊಂಡು ಪಟ್ಟಿಯನ್ನು ಮತ್ತೆ ಕೆಳಕ್ಕೆ ಮುಂದಿನ ಬದಿಯ ಗುಂಟ ತನ್ನಿ. ಮೇಲಿನ ಮಡಿಕೆ ಕೌದಿಯ ಅಂಚಿಗೆ ಸಮ ಇರಬೇಕು. ಅಲ್ಲಿಂದ, ಅಂಚಿನಿಂದಲೇ, ಮತ್ತೆ ಶುರು. ಹಾಳೆಯಲ್ಲಿ ಒಮ್ಮೆ ಮಡಚಿ ನೋಡಿದರೆ ತಿಳಿಯುತ್ತದೆ, ಬಾಯಿಮಾತಿನಿಂದ ಕಷ್ಟ.

ಶುರು ಮಾಡಿದ ಜಾಗಕ್ಕೆ ಒಂದಡಿ ಇರುವಾಗ ನಿಲ್ಲಿ. ಎರಡು ಬಾಲಗಳನ್ನು ಒಂದರ ಮೇಲೊಂದು ಮಲಗಿಸಿ, ಸರಿಯಾಗಿ ಮೂರು ಇಂಚು ಮೇಲುಗಟ್ಟು ಬಿಟ್ಟು ಉಳಿದದ್ದು ಕತ್ತರಿಸಿ. ಪಟ್ಟಿಯ ಅಗಲ ಎಷ್ಟೋ ಮೇಲುಗಟ್ಟೂ ಅಷ್ಟೇ. ಎರಡನ್ನೂ ಬಿಚ್ಚಿ, ಮೈಗೆ ಮೈ ಕೂಡಿಸಿ ಅಡ್ಡಡ್ಡ ಇಟ್ಟು, ಮೂಲೆಯಿಂದ ಮೂಲೆಗೆ ಹೊಲಿಯಿರಿ. ಕತ್ತರಿ ಹಾಕುವ ಮೊದಲು ಒಮ್ಮೆ ಕೌದಿಯ ಮೇಲೆ ಮಲಗಿಸಿ ನೋಡಿ. ನಾನೇ ಎಷ್ಟೋ ಸಲ ತಿರುವು ಹೊಲಿದು ಕತ್ತರಿಸಿಬಿಟ್ಟಿದ್ದೇನೆ. ಸರಿ ಇದ್ದರೆ ಕಾಲು ಇಂಚು ಬಿಟ್ಟು ಕತ್ತರಿಸಿ, ಉಳಿದ ಒಂದಡಿ ಹೊಲಿದುಬಿಡಿ.

ಈಗ ಪಟ್ಟಿಯನ್ನು ಮುಂಬದಿಗೆ ತಿರುಗಿಸಿ. ಮೊದಲ ಹೊಲಿಗೆಯ ಗೆರೆಯನ್ನು ಮುಚ್ಚಿ ಕಾಲು ಇಂಚು ಮುಂದೆ ಬರುತ್ತದೆ, ಅದಕ್ಕೇ ಮೂರು ಇಂಚು ಬೇಕಾದದ್ದು. ಟಾಚಣಿ ದಪ್ಪ ಬಟ್ಟೆಯಲ್ಲಿ ಬಾಗುತ್ತದೆ. ಅರಿವೆ ಒಣಹಾಕುವ ಕ್ಲಿಪ್ ಹಾಕಿ, ಹತ್ತು ಸಾಕು, ಮುಂದೆ ಮುಂದೆ ಸರಿಸುತ್ತ ಹೋಗಿ. ಮಡಿಕೆಯಿಂದ ಒಂದು ನೂಲು ಒಳಗೆ ಹೊಲಿಯಿರಿ. ಪಟ್ಟಿ ಕಣ್ಣೆದುರೇ ಇರುವುದರಿಂದ ಒಂದು ಟಾಕಾ ಕೂಡ ತಪ್ಪುವುದಿಲ್ಲ. ಹಿಂಬದಿಯಲ್ಲಿ ಈ ಹೊಲಿಗೆ ಪಟ್ಟಿಯ ಪಕ್ಕ ಕೌದಿಯ ಮೈಮೇಲೆ ಬೀಳುತ್ತದೆ, ಆದ್ದರಿಂದ ಬಾಬಿನ್ನಿಗೆ ಹಿಂಬದಿ ಬಟ್ಟೆಯ ಬಣ್ಣದ ದಾರ ಸುತ್ತಿ. ಮೇಲಿನ ದಾರ ಪಟ್ಟಿಯ ಬಣ್ಣದ್ದು. ಮೂಲೆಯಲ್ಲಿ ಪೆಡಲ್ ಬಿಟ್ಟು ಗಾಲಿಯನ್ನು ಕೈಯಿಂದ ತಿರುಗಿಸಿ. ಸೂಜಿ ಕೆಳಗಿಟ್ಟು ಕಾಲು ಎತ್ತಿ ಬಟ್ಟೆ ಹೊರಳಿಸಿ.

ಹೀಗೆ ಹೊಲಿದ ಕೌದಿ ನಮ್ಮ ಮನೆಯಲ್ಲಿ 2020ರಿಂದ ಹಾಸುಹೊದಿಕೆಯಲ್ಲಿದೆ. ಒಗೆದ ಲೆಕ್ಕ ಇಟ್ಟಿಲ್ಲ. ಮೈ ಎರಡು ಕಡೆ ಹರಿದಿದೆ, ಅಂಚು ಹಾಗೇ ಇದೆ.

ತಿರುಗಿ ಬಂದ 19ರಲ್ಲಿ ಒಂದನ್ನು ನಾನೇ ದುಡ್ಡು ಕೊಟ್ಟು ಕೊಂಡುಕೊಂಡೆ. ಅದರ ಅಂಚು ಬಿಚ್ಚಿದ್ದನ್ನು ಮತ್ತೆ ಹೊಲಿದಿಲ್ಲ. ಅದನ್ನೂ, ನಮ್ಮ ಮನೆಯ ಹಳೆಯದನ್ನೂ ಇವತ್ತು ತಂದಿದ್ದೇನೆ, ಆ ಬದಿಯ ಮೇಜಿನ ಮೇಲೆ ಅದಾವ. ಊಟ ಆದ ಮ್ಯಾಲೆ ಬಂದು ತಿರುವಿ ನೋಡ್ರಿ. ಕೈ ತೊಳ್ಕೊಂಡು ಬರ್ರಿ. ಆಡಳಿತ ಮಂಡಳಿಯವರೂ ಬರ್ರಿ.