ಒಂದು ವರ್ಷದ ಅಧ್ಯಕ್ಷರು, ಹಲವು ವರ್ಷಗಳ ಕಾಯಿಲೆ



ಮಲೆನಾಡಿನ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಿದು ಹರಿಹರ ತಾಲೂಕಿನ ಉಕ್ಕಡಗಾತ್ರಿಯನ್ನು ಮುಟ್ಟುತ್ತಾರೆ. ಅಲ್ಲಿನ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಮನೋವ್ಯಾಧಿಯಿಂದ ಬಳಲುವವರನ್ನು ಕರೆತರುವ ಕುಟುಂಬಗಳುಂಟು. ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುವುದೂ ಉಂಟು.

ಇಂಥಲ್ಲಿ ಸೇವಾಸಂಸ್ಥೆಯ ಯುವ ಅಧ್ಯಕ್ಷರೊಬ್ಬರು ಏನು ಮಾಡಬಲ್ಲರು? ರೋಟರಿಯ ಅಧ್ಯಕ್ಷಾವಧಿ ಜುಲೈ 1ರಿಂದ ಜೂನ್ 30ರವರೆಗೆ. ಹೊಳೆ ತುಂಬುವಾಗ ಅಧಿಕಾರ, ಮರುವರ್ಷದ ಮಳೆಗೆ ನಿವೃತ್ತಿ. ಒಂದು ದಿನದ ಶಿಬಿರಕ್ಕೆ ಶಾಮಿಯಾನ, ಹಾರ, ಛಾಯಾಚಿತ್ರಗಳೆಲ್ಲ ಸುಲಭವಾಗಿ ಒದಗುತ್ತವೆ. ಆದರೆ ತೀವ್ರ ಮನೋವ್ಯಾಧಿಗೆ ತಿಂಗಳುಗಟ್ಟಲೆ, ಹಲವೊಮ್ಮೆ ವರ್ಷಗಟ್ಟಲೆ ಔಷಧಿ ಬೇಕು. ಶಿಬಿರದ ಮಾತ್ರೆ ಮುಗಿದ ಮೇಲೆ ರೋಗಿ ಯಾರ ಬಾಗಿಲಿಗೆ ಹೋಗಬೇಕು?

ರೋಟರಿಯೇ 1985ರಲ್ಲಿ ಪೋಲಿಯೊ ವಿರುದ್ಧ ಜಾಗತಿಕ ಅಭಿಯಾನ ಹೂಡಿತು. ಭಾರತದಲ್ಲಿ ಕಾಡುವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟು ಅಧ್ಯಕ್ಷರು ಬಂದು ಹೋದರೋ! ಲಸಿಕೆಯ ಹನಿ ಮಾತ್ರ ನಿಲ್ಲಲಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋವ್ಯಾಧಿಯ ಚಿಕಿತ್ಸೆ ಕಲಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಹರಕೆ ಬಿಡಿರೆಂದು ಯಾರನ್ನೂ ಗದರಬೇಕಾಗಿಲ್ಲ. ಅಜ್ಜಯ್ಯನ ದರ್ಶನ ಮುಗಿಸಿದ ಕುಟುಂಬಕ್ಕೆ ತನ್ನೂರಿನ ಸಮೀಪದ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸುವುದು, ಮುಂದಿನ ತಪಾಸಣೆಗೆ ಬಸ್ಸಿನ ಖರ್ಚು ಒದಗಿಸುವುದು, ಸ್ನಾನಘಟ್ಟದಲ್ಲಿ ಬಟ್ಟೆ ಹಾಕಲು ತೊಟ್ಟಿ ಇರಿಸಿ ಅದನ್ನು ತಪ್ಪದೆ ತೆರವು ಮಾಡಿಸುವುದು: ಇವಿಷ್ಟನ್ನು ಜುಲೈನಲ್ಲಿ ಆರಂಭಿಸಿ, ಜೂನ್ ಬರುವ ಮೊದಲೇ ಮುಂದಿನ ಅಧ್ಯಕ್ಷರನ್ನು ಆ ದಡಕ್ಕೆ ಕರೆದೊಯ್ಯಬಹುದು.