ಹತ್ತು ವರ್ಷಗಳ ಲೆಕ್ಕ



2021ರ ಫೆಬ್ರವರಿಯಲ್ಲಿ ಮೆಟ್ರೊ ರೈಲು ತಿರುವೊಟ್ಟಿಯೂರಿಗೆ ಬಂದ ಮೇಲೆ ಇಲ್ಲಿಯ ಹೆಣ್ಣುಮಕ್ಕಳು ಗಿಂಡಿಯ ಕಚೇರಿಗಳಿಗೆ ಒಂದೇ ಗಾಡಿಯಲ್ಲಿ ಹೋಗಿಬರುತ್ತಾರೆ. ಓದು ಮುಗಿದು ಉದ್ಯೋಗ ನೆಲೆಗೊಳ್ಳುವ ವೇಳೆಗೆ ಅನೇಕರಿಗೆ ಮೂವತ್ತು ದಾಟಿರುತ್ತದೆ. ಅಂಡಾಣುಗಳನ್ನು ಶೀತಲೀಕರಿಸಿ ಕಾದಿರಿಸುವ ವಿಚಾರ ತಾಯಿ–ಮಗಳ ನಡುವೆ ಪಿಸುಮಾತಾಗಿ ಹುಟ್ಟಿ, ತಂದೆಯ ಕಿವಿಗೆ ಬೀಳುವ ಮೊದಲೇ ಅಡಗುತ್ತದೆ. ದಕ್ಷಿಣ ಭಾರತದ ಮೊದಲ ಪ್ರನಾಳ ಶಿಶು 1990ರಲ್ಲಿ ಡಾ. ಕಮಲಾ ಸೆಲ್ವರಾಜ್ ಅವರ ಚಿಕಿತ್ಸೆಯಿಂದ ಜನಿಸಿದ್ದು ಇದೇ ಚೆನ್ನೈಯಲ್ಲಿ. ಸಂಕೋಚ ಮಾತ್ರ ಇನ್ನೂ ಕರಗಿಲ್ಲ.

ಕ್ರಮ ಹೀಗಿದೆ: ಸುಮಾರು ಹತ್ತು ಹನ್ನೆರಡು ದಿನ ಹಾರ್ಮೋನಿನ ಚುಚ್ಚುಮದ್ದು, ಬಳಿಕ ಅಂಡಾಣುಗಳನ್ನು ಹೊರತೆಗೆದು −196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡುವುದು. ಒಂದು ಸುತ್ತಿಗೆ ಲಕ್ಷ ರೂಪಾಯಿ ಮೀರುವುದುಂಟು. ಆಮೇಲೆ ಬ್ಯಾಂಕಿನ ಲಾಕರಿನಂತೆ ವರ್ಷವರ್ಷವೂ ಬಾಡಿಗೆ. ಲಾಕರಿನಲ್ಲಿಟ್ಟ ಚಿನ್ನ ಹಾಗೆಯೇ ಮರಳುತ್ತದೆ. ಇಲ್ಲಿ ಇಟ್ಟದ್ದೆಲ್ಲ ಮಗುವಾಗುವುದಿಲ್ಲ. ಈ ವ್ಯತ್ಯಾಸವನ್ನು ಜಾಹೀರಾತುಗಳು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ.

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ ಸಂಗ್ರಹಕ್ಕೆ ಹತ್ತು ವರ್ಷಗಳ ಮಿತಿ ಹಾಕಿದೆ. ಅವಧಿ ತೀರಿದ ಮೇಲೆ ಅವುಗಳನ್ನು ನಶಿಸಲು ಬಿಡಬೇಕು, ಇಲ್ಲವೇ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಇಪ್ಪತ್ತಾರರಲ್ಲಿ ಇಟ್ಟರೆ ಮೂವತ್ತಾರಕ್ಕೆ ಗಡುವು. ನಿಜವಾದ ಅಗತ್ಯ ಬೀಳುವ ವಯಸ್ಸಿಗೆ ಸಂಗ್ರಹವೇ ಇರಲಾರದು. ಮೂವತ್ತೆಂಟರಲ್ಲಿ ಇಟ್ಟರೆ ಗಡುವು ದೂರ, ಆದರೆ ಅಂಡಾಣುಗಳ ಸಂಖ್ಯೆಯೂ ಗುಣವೂ ಇಳಿದಿರುತ್ತವೆ. ಮೂವತ್ತರಿಂದ ಮೂವತ್ತೈದರ ನಡುವಿನ ಕೆಲವೇ ವರ್ಷಗಳಲ್ಲಿ ಈ ಲೆಕ್ಕ ಕೂಡಿಬರುತ್ತದೆ. ವರನ ಜಾತಕಗಳನ್ನು ತಿರುವಿಹಾಕುತ್ತ ಮನೆಯವರು ಕಳೆಯುವುದೂ ಇವೇ ವರ್ಷಗಳನ್ನು.

ಅಹಿಂಸೆಯ ಪ್ರಶ್ನೆಯನ್ನು ಬದಿಗಿಡಲಾಗದು. ಫಲಿತವಾದ ಭ್ರೂಣಗಳನ್ನು ಹೆಚ್ಚಾಗಿ ಸಂಗ್ರಹಿಸಿ, ಉಳಿದುದನ್ನು ತ್ಯಜಿಸುವುದು ಶ್ರಾವಕರ ಮನಸ್ಸಿಗೆ ಸಹಜವಾಗಿಯೇ ಅಳುಕು ತರುತ್ತದೆ. ಫಲಿತವಾಗದ ಅಂಡಾಣುವಿನ ಸಂಗ್ರಹ ಬೇರೆಯ ವಿಷಯ. ಎರಡನ್ನೂ ಒಂದೇ ಎಂದು ನಿಂದಿಸುವವರು ಮೊದಲು ಭೇದವನ್ನು ಅರಿಯಲಿ. ಮುಂದೆ ಎಷ್ಟು ಅಂಡಾಣುಗಳನ್ನು ಫಲಿತಗೊಳಿಸಬೇಕೆಂಬುದನ್ನು ವೈದ್ಯರಲ್ಲಿ ಮೊದಲೇ ಮಾತನಾಡಿಕೊಳ್ಳಬಹುದು.

ಇನ್ನು ಸಂಖ್ಯೆಯ ಕೂಗು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಜೈನರ ಒಟ್ಟು ಫಲವತ್ತತೆಯ ದರ 1.2, ಐದನೆಯದರಲ್ಲಿ 1.6. ಈ ಅಂಕಿಯನ್ನು ಹಿಡಿದು ವೇದಿಕೆಗಳಲ್ಲಿ ಹೆಚ್ಚು ಮಕ್ಕಳ ಉಪದೇಶ ನಡೆಯುತ್ತದೆ. ತಡವಾಗಿ ತಾಯಿಯಾಗಬಯಸುವ ಮಗಳಿಗೆ ಆಸ್ಪತ್ರೆಯ ಖರ್ಚಿನಲ್ಲಿ ಪಾಲು ಕೊಡುವ ಮಾತನ್ನು ಅದೇ ವೇದಿಕೆಗಳು ಎತ್ತುವುದು ಅಪರೂಪ.

ಕಾಯ್ದೆಯ ಪ್ರಕಾರ ಇಪ್ಪತ್ತೊಂದು ದಾಟಿದ ಅವಿವಾಹಿತೆಯೂ ತಾನೇ ಚಿಕಿತ್ಸಾಲಯಕ್ಕೆ ಹೋಗಬಹುದು. ತಂದೆಯ ಸಹಿ ಬೇಕಿಲ್ಲ. ತಾನು ಮರಣಿಸಿದರೆ ಅಥವಾ ಅಶಕ್ತಳಾದರೆ ಆ ಅಂಡಾಣುಗಳನ್ನು ಏನು ಮಾಡಬೇಕೆಂದು ಅವಳು ಮೊದಲೇ ಬರೆದುಕೊಡಬೇಕು. ಆ ಸಾಲನ್ನು ಮೂವತ್ತೆರಡರ ಮಗಳು ಒಬ್ಬಳೇ ಕುಳಿತು ತುಂಬುವ ಹೊತ್ತಿನಲ್ಲಿ ತಾಯಿತಂದೆಯರು ಪಕ್ಕದ ಕುರ್ಚಿಯಲ್ಲಿರಲಿ. ಬರೆಯುವವಳು ಅವಳೇ.