ಹೊಸ ಪಿಸ್ಟನ್ ಹಾಕಿದ ಮೇಲೂ ಇಂಜಿನ್ ಯಾಕೆ ಜಾಮ್ ಆಯ್ತು?

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ ಬಸ್ಸಲ್ಲೋ ಬೆವರುತ್ತಾ ಕೂತಿರೋರಿಗೆ ಇವತ್ತು ಸ್ವಲ್ಪ ಚಳಿ ಕಥೆ ಹೇಳ್ತೀನಿ. ಕಥೆ ಹಳೇ ಟೂ-ಸ್ಟ್ರೋಕ್ ಸ್ನೋಮೊಬೈಲ್ ರಿಪೇರಿ ಬಗ್ಗೆ. ಆದರೆ ಮನೇಲಿ ಅಪ್ಪನ ಯೆಜ್ಡಿ ಅಥವಾ ಮಾವನ ಆರ್‌ಎಕ್ಸ್ 100 ಇರೋರು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಕೇಳಿ. ಒಳಗಿರೋ ವಿದ್ಯೆ ಒಂದೇ.

ನಾನಿರೋದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ. ಸ್ನೋಮೊಬೈಲ್‌ನ ನೀವು ಗುಲ್ಮಾರ್ಗ್ ರೀಲ್ಸ್‌ಗಳಲ್ಲಿ ನೋಡಿರ್ತೀರಿ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಬೈಕಿನ ಥರ ಸೀಟು. ಪೋಲಾರಿಸ್ ಕಂಪನಿ 1954ರಲ್ಲಿ ಶುರುವಾಗಿದ್ದು ಇದೇ ರಾಜ್ಯದ ರೋಝೋ ಅನ್ನೋ ಸಣ್ಣ ಊರಲ್ಲಿ. ಹಾಗಾಗಿ ಇಲ್ಲಿ ಗ್ಯಾರೇಜುಗಳಲ್ಲಿ ಹಳೇ ಸ್ನೋಮೊಬೈಲ್ ಧೂಳು ತಿಂತಾ ನಿಂತಿರೋದು ತೀರಾ ಸಾಮಾನ್ಯ, ನಮ್ಮ ಕಡೆ ಹಟ್ಟಿ ಮೂಲೇಲಿ ಲೂನಾ ನಿಂತಿರೋ ಹಾಗೆ.

ನಾನು ಕೊಂಡಿದ್ದು ತೊಂಬತ್ತರ ದಶಕದ ಗಾಡಿ. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, ಫ್ಯಾನ್ ಗಾಳಿಯಿಂದ ತಣ್ಣಗಾಗೋ ಇಂಜಿನ್. ಮಾರಿದವರು ಪ್ರಾಮಾಣಿಕರು, 'ಇಂಜಿನ್ ಜಾಮ್ ಆಗಿದೆ' ಅಂತ ಮೊದಲೇ ಹೇಳಿದ್ರು. ಸೀಮೆಗಿಲ್ಲದ ಕಡಿಮೆ ಬೆಲೆ. ಯೆಜ್ಡಿ ಬಿಚ್ಚಿ ಜೋಡಿಸಿದ ಮೈಸೂರಿನ ಹುಡುಗ ನಾನು, ಇದೇನು ಮಹಾ ಅಂದ್ಕೊಂಡೆ.

ಮುಂದಿನದು ಅರ್ಥ ಆಗಬೇಕಂದ್ರೆ ಒಂದು ವಿಷಯ ಗೊತ್ತಿರಬೇಕು. ಈಗಿನ ಬೈಕುಗಳಲ್ಲಿ ಇಂಜಿನ್ ಆಯಿಲ್ ಕೆಳಗೆ ಬೇರೆಯಾಗಿಯೇ ನಿಂತಿರುತ್ತೆ. ಹಳೇ ಟೂ-ಸ್ಟ್ರೋಕಿನಲ್ಲಿ ಹಾಗಿಲ್ಲ. ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಸೇರಿ ಮೊದಲು ಇಂಜಿನ್ನಿನ ಹೊಟ್ಟೆಗೆ, ಅಂದ್ರೆ ಕ್ರ್ಯಾಂಕ್‌ಕೇಸಿಗೆ ಹೋಗಿ, ಅಲ್ಲಿಂದ ಮೇಲೆ ಸಿಲಿಂಡರಿಗೆ ಬರುತ್ತೆ. 50ಕ್ಕೆ 1ರ ಲೆಕ್ಕದಲ್ಲಿ ಲೀಟರಿಗೆ 20 ಎಂಎಲ್ ಆಯಿಲ್. ಬಂಕಿನಲ್ಲಿ 2ಟಿ ಆಯಿಲ್ ಅಳತೆ ಮಾಡಿ ಹಾಕ್ತಿದ್ದದ್ದು ಇದಕ್ಕೇ. ಪೆಟ್ರೋಲ್ ಕಡಿಮೆ ಬಂದ್ರೆ ಆಯಿಲೂ ಕಡಿಮೆ, ತಂಪೂ ಕಡಿಮೆ. ಗಾಳಿ ಜಾಸ್ತಿ ಆಗಿ ಪೆಟ್ರೋಲ್ ಕಮ್ಮಿ ಆಗೋದಕ್ಕೆ ಮೆಕ್ಯಾನಿಕ್‌ಗಳು 'ಲೀನ್' ಅಂತಾರೆ. ಟೂ-ಸ್ಟ್ರೋಕಿನ ಯಮ ಅದು.

ಚಳಿದೇಶದಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ತಣ್ಣನೆ ಗಾಳಿ ದಟ್ಟ. ಬೆಂಗಳೂರಿನ 30 ಡಿಗ್ರಿ ಗಾಳಿಗೆ ಹೋಲಿಸಿದ್ರೆ, ಮೈನಸ್ 30ರ ಗಾಳಿ ಅಷ್ಟೇ ಜಾಗದಲ್ಲಿ ಸುಮಾರು ಕಾಲು ಭಾಗ ಜಾಸ್ತಿ ತೂಕ ಇರುತ್ತೆ. ಅದಕ್ಕೆ ತಕ್ಕಂತೆ ಪೆಟ್ರೋಲೂ ಜಾಸ್ತಿ ಬೇಕು. ಹಳೇ ಕಾರ್ಬ್ಯುರೇಟರಿಗೆ ಅದು ತಾನಾಗೇ ಗೊತ್ತಾಗಲ್ಲ, ನಾವೇ ದೊಡ್ಡ ತೂತಿನ ಜೆಟ್ ಹಾಕಬೇಕು. ಕಳ್ಳಾಟಕ್ಕೆ ಜಾಗವೇ ಇಲ್ಲ.

ಸರಿ, ಬಿಚ್ಚಿದೆ. ಎಡಗಡೆ, ಕ್ಲಚ್ ಇರೋ ಬದಿಯ ಪಿಸ್ಟನ್ ಸೈಲೆನ್ಸರ್ ಕಡೆಯ ಮೈ ಮೇಲೆ ಉದ್ದಕ್ಕೂ ಗೀರಿತ್ತು. ಇನ್ನೊಂದು ಪಿಸ್ಟನ್ ಚೆನ್ನಾಗಿತ್ತು. ಕಾರ್ಬ್ಯುರೇಟರ್ ಜೆಟ್ಟಿನಲ್ಲಿ ಹಳೇ ಪೆಟ್ರೋಲ್ ಒಣಗಿ ಜೇನುಮೇಣದ ಥರ ಅಂಟಿತ್ತು. 'ಸಿಕ್ಕಿಬಿದ್ದ ಕಳ್ಳ' ಅಂದ್ಕೊಂಡು ಜೆಟ್ ತೊಳೆದೆ, ಸಿಲಿಂಡರ್ ಉಜ್ಜಿಸಿದೆ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿದೆ. ಹಗ್ಗ ಎಳೆದ ಮೂರನೇ ಸಲಕ್ಕೆ ಗಾಡಿ ಸ್ಟಾರ್ಟ್. ಆ ಹೊಗೆ ವಾಸನೆಗೆ ನಾನು ಸೀದಾ ಸರಸ್ವತಿಪುರಂಗೆ ಹೋಗಿಬಿಟ್ಟೆ.

ಒಂದು ಸಣ್ಣ ಕಿರಿಕಿರಿ ಮಾತ್ರ ಇತ್ತು. ಥ್ರಾಟಲ್ ಬಿಟ್ಟ ಮೇಲೂ ಇಂಜಿನ್ ಎರಡು ಮೂರು ಸೆಕೆಂಡ್ ಮೇಲೇ ಹಾಡ್ಕೊಂಡು ಆಮೇಲೆ ಇಳೀತಿತ್ತು. ಐಡಲ್ ಸ್ಕ್ರೂ ಸ್ವಲ್ಪ ತಿರುಗಿಸಿ ಕೈ ತೊಳ್ಕೊಂಡೆ. ನೆನಪಿಟ್ಕೊಳ್ಳಿ ಇದನ್ನ.

ಮೂರು ವಾರ ಸರಾಗವಾಗಿ ಓಡ್ತು. ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಮೈನಸ್ 24 ಡಿಗ್ರಿ, ಹೆಪ್ಪುಗಟ್ಟಿದ ಕೆರೆ ಮೇಲೆ ಹೊರಟೆ. ಹಿಂದೆ ನನ್ನ 11 ವರ್ಷದ ಮಗಳು. ಮಂಜುಗಡ್ಡೆ ದಪ್ಪ ಇತ್ತು. ಸ್ನೋಮೊಬೈಲಿಗೆ ಕನಿಷ್ಠ 5ರಿಂದ 7 ಇಂಚು ಬೇಕು ಅಂತ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತೆ, ಅಲ್ಲಿ ಅದರ ಎರಡರಷ್ಟಿತ್ತು. ಆ ಭಯ ಇರ್ಲಿಲ್ಲ. ಗಾಡಿ ಅಂತೂ ಹಿಂದೆಂದೂ ಇಲ್ಲದಷ್ಟು ಹುರುಪಲ್ಲಿ ಎಳೀತಿತ್ತು. ಈಗ ಗೊತ್ತು, ಲೀನ್ ಆದ ಟೂ-ಸ್ಟ್ರೋಕ್ ಸಾಯೋ ಮುಂಚೆ ಬಹಳ ಚೆನ್ನಾಗಿ ಓಡುತ್ತೆ. ದೀಪ ಆರೋ ಮುಂಚೆ ಉರಿಯೋ ಹಾಗೆ. ನಾನು ಖುಷಿಯಲ್ಲಿ ಇನ್ನಷ್ಟು ಥ್ರಾಟಲ್ ಕೊಟ್ಟೆ. 'ಕೀಂಯ್' ಅಂತ ಒಂದು ಸದ್ದು. ಗಾಡಿ ಜಾರಿ ನಿಂತೇ ಹೋಯ್ತು.

ಹಗ್ಗ ಎಳೆದ್ರೆ ಕಲ್ಲು ಎಳೆದ ಹಾಗೆ. ಫೋನ್ ತೆಗೆದೆ, 40 ಪರ್ಸೆಂಟ್ ಇದ್ದದ್ದು ಕಣ್ಣೆದುರಿಗೇ ಆಫ್ ಆಯ್ತು. ಚಳಿಗೆ ಬ್ಯಾಟರಿ ಹಾಗೇ ಕೈ ಕೊಡುತ್ತೆ. ಒಳಗಿನ ಜೇಬಲ್ಲಿ, ಮೈಗೆ ತಾಗಿ ಇಡಬೇಕಿತ್ತು. ದಡ ಮೂರು ಕಿಲೋಮೀಟರ್ ದೂರ. ಸಂಜೆ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಮುಳುಗ್ತಾನೆ. ಮಗಳು 'ಅಪ್ಪ, ಕಾಲ್ಬೆರಳು ಗೊತ್ತಾಗ್ತಿಲ್ಲ' ಅಂದ್ಲು. ನನ್ನ ಹೊಟ್ಟೇಲಿ ಏನಾಯ್ತು ಅನ್ನೋದನ್ನ ಇಲ್ಲಿ ಹೇಳಲ್ಲ.

ಇಲ್ಲಿ ಚಳಿಗಾಲದಲ್ಲಿ ಜನ ಕೆರೆ ಮೇಲೆ ಪುಟ್ಟ ಗುಡಿಸಲು ಎಳ್ಕೊಂಡು ಬಂದು, ಮಂಜಿಗೆ ತೂತು ಕೊರೆದು ಮೀನು ಹಿಡೀತಾರೆ. ಅಂಥದ್ದೊಂದು ಅರ್ಧ ಕಿಲೋಮೀಟರ್ ಆಚೆ ಕಾಣ್ತಿತ್ತು, ಚಿಮಣಿಯಲ್ಲಿ ಹೊಗೆ ಇತ್ತು. ನಡೆದ್ವಿ. ಒಳಗಿದ್ದ ಅಜ್ಜ ಏನೂ ಕೇಳದೆ ಮಗಳ ಬೂಟು ಬಿಚ್ಚಿ ಒಲೆ ಪಕ್ಕ ಕೂರಿಸಿದ್ರು. ಬೆರಳು ಕೆಂಪಗಾಗಿತ್ತು, ಬೆಳ್ಳಗಾಗಿರ್ಲಿಲ್ಲ. ಅಷ್ಟೇ ಸಾಕಿತ್ತು ನನಗೆ.

ದಡಕ್ಕೆ ಬಿಡೋಕೆ ಬರ್ತಾ ಅವರು ಗಾಡಿ ಕಥೆ ಕೇಳಿದ್ರು. ನಾನು ಹೊಸ ಪಿಸ್ಟನ್ ಹಾಕಿದ್ದನ್ನ ಹೆಮ್ಮೆಯಿಂದಲೇ ಹೇಳಿದೆ. ಅವರು ಕೇಳಿದ್ದು ಒಂದೇ: 'ಹಳೇದು ಯಾಕೆ ಸುಟ್ಟಿತ್ತು?' ನಾನು ಜೆಟ್ ಅಂದೆ. 'ಎರಡು ಕಾರ್ಬ್ಯುರೇಟರೂ ಒಂದೇ ಥರ ಕೊಳಕಾಗಿತ್ತಾ?' ಹೌದು ಅಂದೆ. 'ಹಾಗಾದ್ರೆ ಒಂದೇ ಪಿಸ್ಟನ್ ಯಾಕೆ ಹೋಯ್ತು?'

ನನ್ನ ಹತ್ರ ಉತ್ತರ ಇರ್ಲಿಲ್ಲ.

ಮನೆಗೆ ಬಂದು ಮಾಡಿದ್ದು ಮೊದಲೇ ಮಾಡಬೇಕಿದ್ದ ಪರೀಕ್ಷೆ. ಕಾರ್ಬ್ಯುರೇಟರ್, ಸೈಲೆನ್ಸರ್ ತೆಗೆದು ಆ ಬಾಯಿಗಳನ್ನ ರಬ್ಬರ್ ಬಿರಡೆಯಿಂದ ಬಿಗಿಯಾಗಿ ಮುಚ್ಚಬೇಕು. ಕ್ರ್ಯಾಂಕ್‌ಕೇಸಿನಿಂದ ಪೆಟ್ರೋಲ್ ಪಂಪಿಗೆ ಹೋಗೋ ಸಣ್ಣ ಪೈಪಿನ ಬಾಯಿಂದ ಕೈಪಂಪಿನಲ್ಲಿ ಗಾಳಿ ತುಂಬಬೇಕು, ಬರೀ 6–7 ಪಿಎಸ್‌ಐ. ಕಾರಿನ ಟೈರಿಗೆ ಹಾಕೋದರ ಕಾಲು ಭಾಗವೂ ಅಲ್ಲ. ಜಾಸ್ತಿ ಹಾಕಿದ್ರೆ ಚೆನ್ನಾಗಿರೋ ಸೀಲೇ ಕಿತ್ಕೊಂಡು ಬರುತ್ತೆ. ಮೀಟರಿನ ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಲ್ಲಬೇಕು. ನನ್ನದು ನೋಡನೋಡ್ತಾ ಸೊನ್ನೆಗೆ ಬಂತು. ಕ್ಲಚ್ ತೆಗೆದು ಅದರ ಹಿಂದೆ ಸೋಪಿನ ನೀರು ಹಚ್ಚಿದೆ. ಕ್ರ್ಯಾಂಕ್ ಹೊರಗೆ ಬರೋ ಜಾಗದಲ್ಲಿ ಬುಳುಬುಳು ಗುಳ್ಳೆ.

ಅಲ್ಲಿರೋದು ಒಂದು ರಬ್ಬರ್ ಸೀಲ್. ಮೂವತ್ತು ವರ್ಷಕ್ಕೆ ಅದು ಒಣ ಚಕ್ಕುಲಿ ಥರ ಗಟ್ಟಿಯಾಗಿತ್ತು. ಅಲ್ಲಿಂದ ಕದ್ದು ಬಂದ ಗಾಳಿ ಕಾರ್ಬ್ಯುರೇಟರಿನ ಲೆಕ್ಕಕ್ಕೇ ಬರಲ್ಲ, ಸೀದಾ ಆ ಬದಿಯ ಸಿಲಿಂಡರನ್ನ ಲೀನ್ ಮಾಡುತ್ತೆ. ಥ್ರಾಟಲ್ ಬಿಟ್ಟ ಮೇಲೂ ಹಾಡ್ತಿದ್ದ ಇಂಜಿನ್ ಮೂರು ವಾರದಿಂದ ಇದನ್ನೇ ಹೇಳ್ತಿತ್ತು. ನಾನು ಸ್ಕ್ರೂ ತಿರುಗಿಸಿ ಅದರ ಬಾಯಿ ಮುಚ್ಚಿಸಿದ್ದೆ. ಆ ಸೀಲಿಗೆ ಒಂದು ಪಿಜ್ಜಾದಷ್ಟೂ ದುಡ್ಡಿಲ್ಲ. ಆದರೆ ನನ್ನ ಇಂಜಿನ್ನಿನಲ್ಲಿ ಸೀಲಿನ ಅಂಚು ಒಳಗಿನ ಗಾಡಿಯಲ್ಲಿ ಕೂತಿರುತ್ತೆ, ಹೊರಗಿಂದ ತೂರಿಸೋಕೆ ಆಗಲ್ಲ. ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕು. ಒಂದು ವಾರ ಹಿಡೀತು. ಎರಡೂ ಬದಿಯ ಸೀಲ್ ಬದಲಾಯಿಸಿದೆ, ಕಾರ್ಬ್ಯುರೇಟರ್ ಕೂರೋ ರಬ್ಬರ್ ಬೂಟುಗಳನ್ನೂ. ಅವೂ ಬಿರುಕು ಬಿಟ್ಟಿದ್ವು.

ಊರಲ್ಲಿ ಹಳೇ ಟೂ-ಸ್ಟ್ರೋಕ್ ಇರೋರಿಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತೆ. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರಿಗೂ ಅದಕ್ಕೂ ಆಗಿಬರಲ್ಲ, ಮಿಶ್ರಣವೂ ಸ್ವಲ್ಪ ಲೀನ್ ಕಡೆಗೇ ಹೋಗುತ್ತೆ. ಮಿನ್ನೆಸೋಟದಲ್ಲಿ ಹಳೇ ಗಾಡಿ, ದೋಣಿ, ಸ್ನೋಮೊಬೈಲ್‌ಗಳಿಗೆ ಅಂತ ಎಥನಾಲ್ ಇಲ್ಲದ ಪೆಟ್ರೋಲ್ ಮಾರೋಕೆ ಕಾನೂನಲ್ಲೇ ಅವಕಾಶ ಇದೆ. ನಿಮಗೆ ಆ ಅನುಕೂಲ ಇಲ್ಲದಿದ್ರೆ, ತಿಂಗಳುಗಟ್ಟಲೆ ಓಡಿಸದೆ ಇಡೋ ಮುಂಚೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಐಡಲ್ ಏರಿ ನಿಂತ್ರೆ ಸ್ಕ್ರೂಗೆ ಕೈ ಹಾಕೋ ಮುಂಚೆ ಗಾಳಿ ಎಲ್ಲಿ ಸೋರ್ತಿದೆ ಅಂತ ಹುಡುಕಿ.

ಗಾಡಿ ಈಗಲೂ ಓಡ್ತಿದೆ. ಪ್ಲಗ್ ತೆಗೆದ್ರೆ ಎರಡೂ ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಸೀಟಿನ ಕೆಳಗೆ ಹೆಚ್ಚುವರಿ ಪ್ಲಗ್, ಬೆಲ್ಟ್, ಬೆಂಕಿಪೊಟ್ಟಣ, ಒಂದು ಕಂಬಳಿ ಇರುತ್ತೆ. ಮಗಳು ಮೊದಲ ವರ್ಷ ಹತ್ತಲೇ ಇಲ್ಲ. ಕಳೆದ ಚಳಿಗಾಲ ಹೆಲ್ಮೆಟ್ ಹಾಕ್ಕೊಂಡು ಬಂದು ಗಾಡಿ ಪಕ್ಕ ನಿಂತ್ಲು, ಹತ್ತೋ ಮುಂಚೆ ಕೇಳಿದ್ಲು: 'ಅಪ್ಪ, ಸೋಪ್ ನೀರು ಹಾಕಿ ನೋಡಿದ್ಯಾ?'